ಅಪ್ಪನ ಬಿಟರ್, ನನ್ನ ಮದ್ದು

ನಾವು ಕುವೈತಿನ ರಿಗ್ಗೈಯಲ್ಲಿದ್ದ ಆ ವರ್ಷಗಳಲ್ಲಿ ಬೇಸಿಗೆ ರಜೆಯೆಂದರೆ ಮನೆಯೊಳಗೇ ಕಳೆಯುವ ಕಾಲ. ಗಲ್ಫಿನಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಬೆಳಗ್ಗೆ ಎಂಟಕ್ಕೇ ಬಾಗಿಲ ಹಿಡಿ ಕೈ ಸುಡುತ್ತಿತ್ತು. ಬಿಸಿನೀರಿನ ನಲ್ಲಿ ಬಿಟ್ಟರೂ ಬಿಸಿನೀರು, ತಣ್ಣೀರಿನ ನಲ್ಲಿ ಬಿಟ್ಟರೂ ಬಿಸಿನೀರು. ಗೆಳತಿಯರೆಲ್ಲ ಊರಿಗೆ ಹೋಗಿಬಿಟ್ಟಿದ್ದರೆ ಮೆಟ್ಟಿಲಿನ ತಿರುವಿನಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ಒಬ್ಬಳೇ ಕುಂಟೆಬಿಲ್ಲೆ ಆಡಬೇಕು. ನೆಲದ ಮೇಲೆ ಅಂಗಾತ ಮಲಗಿ ಎ.ಸಿ.ಯ ಗುಂಯ್ ಸದ್ದು ಕೇಳಬೇಕು. ಅಮ್ಮ ಕಲಸಿಕೊಟ್ಟ ಮೊಸರನ್ನವನ್ನು ಹುರಿದ ಬಾಳಕದ ಮೆಣಸಿನಕಾಯಿ ಜೊತೆ ತಿಂದು ಮತ್ತೆ ಮಲಗಬೇಕು. ಎಪ್ಪತ್ತರ ದಶಕದ ಕೊನೆಯ ಅಂಥ ಒಂದು ಬೇಸಿಗೆಯನ್ನು ನಾನು ಈವರೆಗೆ ಯಾರ ಹತ್ತಿರವೂ ಹೇಳಿಲ್ಲ. ಆಗ ನನಗೆ ಹತ್ತು ವರ್ಷ.

ಅಪ್ಪ ಮೈಸೂರಿನವರು. ಸಮುದ್ರದ ನೀರನ್ನು ಕುಡಿಯುವ ನೀರಾಗಿ ಮಾಡುವ ಸ್ಥಾವರದಲ್ಲಿ ಎಂಜಿನಿಯರ್. ಮದುವೆಗೆ ಮುಂಚೆ ತರಬೇತಿಗೆಂದು ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ಎರಡು ವರ್ಷ ಇದ್ದರು. ಅವರ ಕೋಣೆಯ ಬೀದಿಯ ಕೊನೆಗೆ ಒಂದು ಪಬ್ ಇತ್ತಂತೆ. ಅಲ್ಲಿ ಸಂಜೆ ಹೊತ್ತು ಕಂದು ಬಣ್ಣದ, ನೊರೆ ಕಮ್ಮಿಯ, ಕುಡಿದ ಮೇಲೆ ನಾಲಿಗೆಯ ಹಿಂದೆ ಕಹಿ ಉಳಿಯುವ ಒಂದು ಪಾನೀಯ ಕೊಡುತ್ತಿದ್ದರಂತೆ. ಹೆಸರೇ ಬಿಟರ್. ಚಳಿಗೆ, ಒಂಟಿತನಕ್ಕೆ ಅದೊಂದೇ ಆಸರೆಯಾಗಿತ್ತು ಎಂದು ಅಪ್ಪ ಹೇಳುತ್ತಿದ್ದರು. "ಬಿಯರ್ ಅನ್ಬೇಡ ಕಣೇ ಅದನ್ನ. ಬಿಯರ್ ಬೇರೆ, ಬಿಟರ್ ಬೇರೆ," ಎಂದು ಅಮ್ಮನನ್ನು ತಿದ್ದುತ್ತಿದ್ದರು.

ಕುವೈತಿನಲ್ಲಿ ಎರಡಕ್ಕೂ ಒಂದೇ ಶಿಕ್ಷೆ. ಸಿಕ್ಕಿಬಿದ್ದರೆ ಜೈಲು, ಆಮೇಲೆ ಊರಿಗೆ ಗಡೀಪಾರು. ಆದರೂ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಇಂಗ್ಲಿಷಿನವರು ಕೆಲವರು ಮನೆಯಲ್ಲೇ ಗುಟ್ಟಾಗಿ ಏನೇನೋ ಮಾಡಿಕೊಳ್ಳುತ್ತಿದ್ದರು. ಅದನ್ನು ನೋಡಿ ಅಪ್ಪನಿಗೂ ಹುಚ್ಚು ಹಿಡಿಯಿತು. ಕುಡಿಯುವ ಚಟ ಅಪ್ಪನಿಗೆ ಇರಲಿಲ್ಲ. ಆ ಊರಿನ, ಆ ಪಬ್ಬಿನ ಬಿಟರನ್ನು ಇದ್ದದ್ದು ಇದ್ದ ಹಾಗೆ ನಕಲು ಮಾಡಿ ತೋರಿಸಬೇಕು ಎನ್ನುವ ಹಟ, ಅಷ್ಟೇ.

ಕೆನ್ ಎಂಬ ಸಹೋದ್ಯೋಗಿ ರಜೆಯಿಂದ ಬರುವಾಗ ಅಪ್ಪನಿಗೆ ಒಂದು ದಿಂಬು ತಂದುಕೊಟ್ಟರು. ಅದರೊಳಗೆ ಹತ್ತಿಯಿರಲಿಲ್ಲ, ಹಾಪ್ಸ್ ಎಂಬ ಬಳ್ಳಿಯ ಒಣಗಿದ ಹೂವಿತ್ತು. ಇಂಗ್ಲೆಂಡಿನಲ್ಲಿ ನಿದ್ದೆ ಬಾರದವರು ಅಂಥ ದಿಂಬು ಇಟ್ಟುಕೊಳ್ಳುತ್ತಾರಂತೆ. ವಿಮಾನ ನಿಲ್ದಾಣದಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಅಪ್ಪ ಹೊಲಿಗೆ ಬಿಚ್ಚಿದಾಗ ಒಣಹುಲ್ಲು, ಕಿತ್ತಳೆ ಸಿಪ್ಪೆ, ಮಳೆಗೆ ನೆಂದ ಗೋಣಿಚೀಲ ಎಲ್ಲ ಸೇರಿದ ಹಾಗೆ ಒಂದು ವಾಸನೆ ಮನೆ ತುಂಬಿತು. ಆ ಹೂವೇ ಬಿಟರಿಗೆ ಕಹಿ ಕೊಡುವುದು. ಇನ್ನು ಬೇಕಾಗಿದ್ದದ್ದು ಮಾಲ್ಟ್, ಅಂದರೆ ಮೊಳಕೆ ಬರಿಸಿದ ಬಾರ್ಲಿಯ ಪಾಕ. ಜೋನಿಬೆಲ್ಲದ ಹಾಗೆ ಮಂದ, ಕಪ್ಪುಗೆಂಪು. ಬೇಕರಿಯವರು ಬ್ರೆಡ್ಡಿಗೆ ಹಾಕುತ್ತಾರೆ.

ಅದಕ್ಕೆ ಅಪ್ಪ ನಮ್ಮ ಕಟ್ಟಡದ ಕೆಳಗಿನ ಬಕಾಲಾಕ್ಕೆ ಹೋದರು. ಕಿರಾಣಿ ಅಂಗಡಿಗೆ ಅಲ್ಲಿ ಬಕಾಲಾ ಅನ್ನುತ್ತಾರೆ. ಅದನ್ನು ನಡೆಸುತ್ತಿದ್ದವರು ಮಂಗಳೂರು ಕಡೆಯ ಬ್ಯಾರಿ, ಹಮೀದ್ ಕಾಕ. ಎಲ್ಲರ ಬಾಯಲ್ಲೂ ಅದು ಹಮೀದಾಕ ಆಗಿತ್ತು. ತೆಳ್ಳಗೆ, ಎತ್ತರಕ್ಕೆ, ಬಿಳಿ ಟೊಪ್ಪಿ. ಅಂಗಡಿಯೊಳಗೆ ಏಲಕ್ಕಿ, ಒಣಮೀನು, ಸೋಪು, ಖರ್ಜೂರ ಎಲ್ಲದರ ವಾಸನೆ ಒಟ್ಟಿಗೆ. ಕಟ್ಟಡದ ಯಜಮಾನರಾಗಿದ್ದ ಕುವೈತಿ ಮುದುಕರೇ ಅವರ ಕಫೀಲ್, ಅಂದರೆ ಸರ್ಕಾರಕ್ಕೆ ಅವರ ಹೊಣೆ ಹೊತ್ತವರು. ಅಂಗಡಿಯ ಪರವಾನಗಿ, ಹಮೀದಾಕ ಆ ದೇಶದಲ್ಲಿರಲು ಬೇಕಾದ ಇಕಾಮಾ ಎಲ್ಲವೂ ಆ ಮುದುಕರ ಕೈಯಲ್ಲಿತ್ತು.

"ರಾಯ್‌ ಏರಿಯಾದಲ್ಲಿ ಒಂದು ದೊಡ್ಡ ಬೇಕರಿ ಉಂಟು ಸಾರ್, ಅಲ್ಲಿ ನನ್ನ ಗುರ್ತದವರು ಇದ್ದಾರೆ, ತಂದುಕೊಡ್ತೇನೆ," ಎಂದ ಹಮೀದಾಕ, "ಎಂತಕ್ಕೆ ಸಾರ್ ಅದು ಮನೆಗೆ?" ಎಂದು ಸುಮ್ಮನೆ ಕೇಳಿದರು.

ಅಪ್ಪನ ಕೈ ನನ್ನ ತಲೆಯ ಮೇಲೆ ಬಂತು. "ಇವಳಿಗೆ. ಮೈಯಲ್ಲಿ ಶಕ್ತಿನೇ ಇಲ್ಲ ನೋಡಿ. ಡಾಕ್ಟರು ಹಾಲಿಗೆ ಹಾಕಿ ಕೊಡಿ ಅಂದಿದ್ದಾರೆ."

ನಾನು ಆಗ ಕಡ್ಡಿಯ ಹಾಗಿದ್ದೆ, ನೋಡಿದವರು ನಂಬುವಂತೆಯೇ ಇದ್ದೆ. ಹಮೀದಾಕ ನನ್ನ ಮುಖ ನೋಡಿದರು. "ಮೋಳೇ, ಊಟ ಸರಿ ಮಾಡುದಿಲ್ವಾ ನೀನು? ನನ್ನ ಸಣ್ಣ ಮಗಳೂ ಹೀಗೇ. ನಿನ್ನದೇ ಪ್ರಾಯ." ಮೋಳು ಅಂದರೆ ಅವರ ಮಾತಿನಲ್ಲಿ ಮಗಳು. ಎರಡು ಖರ್ಜೂರ ನನ್ನ ಕೈಗಿಟ್ಟರು. ಮೆಟ್ಟಿಲು ಹತ್ತುವಾಗ ಅಪ್ಪ ನನ್ನ ಮುಖ ನೋಡಲಿಲ್ಲ. ನನಗೆ ಮಾತ್ರ ಖುಷಿಯಾಗಿತ್ತು. ಗುಟ್ಟಿನಲ್ಲಿ ನನಗೂ ಒಂದು ಪಾತ್ರ ಸಿಕ್ಕಿತ್ತು.

ವಾರದೊಳಗೆ ದೊಡ್ಡ ಡಬ್ಬ ಬಂತು. ಹಮೀದಾಕ ತಾವೇ ಹೆಗಲ ಮೇಲೆ ಹೊತ್ತು ಮೂರನೇ ಮಹಡಿಗೆ ತಂದರು. ಅಪ್ಪ ರಜೆಯ ದಿನ ಅಮ್ಮನ ದೊಡ್ಡ ಹಂಡೆಯಲ್ಲಿ ಮಾಲ್ಟನ್ನು ನೀರಿಗೆ ಹಾಕಿ ಕುದಿಸಿದರು, ಹೂವು ಉದುರಿಸಿದರು. "ಮನೇಲಿ ದೇವರಿದೆ ರೀ," ಎಂದ ಅಮ್ಮ ದೇವರ ಪಟಗಳ ಮುಂದೆ ಒಂದು ಹಳೆಯ ಸೀರೆ ಇಳಿಬಿಟ್ಟರು. ಅದಕ್ಕಿಂತ ಹೆಚ್ಚು ತಡೆಯಲಿಲ್ಲ. ಅಪ್ಪ ಲೆಕ್ಕಾಚಾರದವರು. ನಮ್ಮ ನೀರು ಸಮುದ್ರದ ನೀರನ್ನು ಭಟ್ಟಿ ಇಳಿಸಿದ್ದು, ಅದರಲ್ಲಿ ಸತ್ವವೇ ಇಲ್ಲ, ಇಂಗ್ಲೆಂಡಿನ ಆ ಊರಿನದು ಕಲ್ಲುಬಂಡೆಗಳ ಗಡಸು ನೀರು ಎಂದು ಚಿಟಿಕೆ ಜಿಪ್ಸಂ ಹಾಕುತ್ತಿದ್ದರು. ಆರಿದ ಮೇಲೆ ಯೀಸ್ಟ್ ಸೇರಿಸಿ, ಮುಚ್ಚಳದ ಡ್ರಮ್ಮಿನಲ್ಲಿ ಸಾಮಾನು ಕೋಣೆಯಲ್ಲಿಟ್ಟು, ಅಲ್ಲಿಗೆಂದೇ ಒಂದು ಎ.ಸಿ. ಹಾಕಿಸಿದ್ದರು. ಕಿವಿಗೊಟ್ಟರೆ ಡ್ರಮ್ಮಿನೊಳಗೆ ದೋಸೆಹಿಟ್ಟು ಉಬ್ಬುವ ಹಾಗೆ ಸಣ್ಣ ಪಿಸುಗುಟ್ಟುವ ಸದ್ದು. ಮೊದಲನೇ ಸಲದ್ದು ಹುಳಿಯಾಯಿತು. ಎರಡನೆಯದು ಬ್ರೆಡ್ಡಿನ ವಾಸನೆ ಹೊಡೆಯಿತು. ಅಪ್ಪ ಚಮಚದಲ್ಲಿ ರುಚಿ ನೋಡಿ, ಕಣ್ಣು ಮುಚ್ಚಿ, "ಇನ್ನೂ ಅದಲ್ಲ," ಎನ್ನುತ್ತಿದ್ದರು. ಮತ್ತೆ ಡಬ್ಬ ಬೇಕಾಗುತ್ತಿತ್ತು.

ಪ್ರತಿ ಡಬ್ಬಕ್ಕೂ ನನ್ನ ರೋಗ ಬೆಳೆಯಿತು. ಹೀಗೆ ಮಾಡು ಎಂದು ಅಪ್ಪ ಹೇಳಿಕೊಟ್ಟಿರಲಿಲ್ಲ, ಇದನ್ನು ಇಲ್ಲಿ ಬರೆಯಲೇಬೇಕು. ಬಕಾಲಾಕ್ಕೆ ಹೋದಾಗ ನಾನೇ ಗೋಡೆ ಹಿಡಿದು ನಡೆಯುತ್ತಿದ್ದೆ, ನಾನೇ ಕೆಮ್ಮುತ್ತಿದ್ದೆ. ಹಮೀದಾಕ ಒಂದು ಸಲ ಯೆಮೆನಿನ ಜೇನು ಕೊಟ್ಟರು, ಇನ್ನೊಂದು ಸಲ ದಾಳಿಂಬೆ. ನಮಾಜಿನಲ್ಲಿ ನನಗಾಗಿ ಬೇಡಿಕೊಳ್ಳುತ್ತೇನೆ ಎಂದರು. ಒಂದು ದಿನ ಗಲ್ಲೆಯ ಮೇಲೆ ಬಗ್ಗಿ, ಮೆಲ್ಲಗೆ, ದೊಡ್ಡವರನ್ನು ಕೇಳುವ ಹಾಗೆ ಕೇಳಿದರು.

"ಮೋಳೇ, ಸರಿಯಾಗಿ ಹೇಳು. ಅದು ತಿಂದ ಮೇಲೆ ಶಕ್ತಿ ಬಂತಾ ನಿನಗೆ?"

"ಬಂತು ಹಮೀದಾಕ. ತುಂಬ ಬಂತು," ಎಂದೆ. ಸಾಲದೆಂದು, "ಬೇಕಾದ್ರೆ ನೋಡಿ," ಎಂದು ಮೂರು ಮಹಡಿ ಒಂದೇ ಉಸಿರಿಗೆ ಓಡಿ ಹತ್ತಿ, ಮತ್ತೆ ಇಳಿದು ತೋರಿಸಿದೆ.

ಅವರ ಕಣ್ಣು ಅರಳಿತು. ಮುಂದಿನ ವಾರ ಊರಿಗೆ ಹೊರಟ ಒಬ್ಬರ ಕೈಯಲ್ಲಿ ಅವರು ಅದೇ ಮಾಲ್ಟಿನ ಒಂದು ಡಬ್ಬವನ್ನು ತಮ್ಮ ಮಗಳಿಗೆ ಕಳಿಸಿದರು. ದಿನಾ ಎರಡು ಚಮಚ, ಹಾಲಿನಲ್ಲಿ ಎಂದು ಕಾಗದವನ್ನೂ ಬರೆದರು. ಇದನ್ನು ಅಮ್ಮನಿಗೆ ಹೇಳಿದಾಗ ಅಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ಅಪ್ಪನ ಕಡೆ ನೋಡಿದರು. "ಬಾರ್ಲಿ ತಾನೇ, ಒಳ್ಳೇದೇ ಅದು," ಎಂದರು ಅಪ್ಪ.

ಮೂರನೇ ಸಲದ ಬಿಟರನ್ನು ಬಾಟಲಿಗೆ ತುಂಬುವ ಮುಂಚೆ ಅಪ್ಪ ಅದರ ರುಚಿ ನೋಡಿದರು. ಕುರ್ಚಿ ಎಳೆದುಕೊಂಡು ಕೂತು, ಕಣ್ಣು ಮುಚ್ಚಿ, "ಇದೇ ಕಣಮ್ಮ," ಎಂದರು. ಅಪ್ಪನ ಮುಖ ಅಷ್ಟು ಸಣ್ಣ ಹುಡುಗನ ಹಾಗೆ ಕಂಡದ್ದು ಅದೊಂದೇ ಸಲ. ಸೋಡಾದ ಗಾಜಿನ ಬಾಟಲಿಗಳಿಗೆ ತುಂಬಿ, ಗ್ಯಾಸು ಹುಟ್ಟಲೆಂದು ಒಂದೊಂದಕ್ಕೂ ಸಕ್ಕರೆ ಹಾಕಿ, ಬಿರಡೆ ಒತ್ತಿ ಸಾಲಾಗಿ ಇಟ್ಟರು. ಅಷ್ಟರಲ್ಲಿ ರಂಜಾನ್ ಬಂದಿತ್ತು. ಆ ವರ್ಷ ರಂಜಾನ್ ಬಿದ್ದದ್ದು ಉರಿಬೇಸಿಗೆಯಲ್ಲಿ.

ಒಂದು ಮಧ್ಯಾಹ್ನ, ಅಪ್ಪ ಕೆಲಸದಲ್ಲಿದ್ದಾಗ, ಸಾಮಾನು ಕೋಣೆಯ ಎ.ಸಿ. ಕೆಟ್ಟು ನಿಂತಿದ್ದು ನಮಗೆ ಗೊತ್ತಾಗಲಿಲ್ಲ. ನಾನು ಮೆಟ್ಟಿಲಿನ ತಿರುವಿನಲ್ಲಿ ಆಡುತ್ತಿದ್ದೆ. ಒಳಗೆ ಪಟಾಕಿ ಹೊಡೆದ ಹಾಗೆ ಸದ್ದಾಯಿತು, ಒಂದಾದ ಮೇಲೆ ಒಂದು. ಅಮ್ಮ ಕೂಗಿಕೊಂಡು ಹೊರಗೆ ಓಡಿಬಂದರು. ಅವರ ಹಿಂದೆಯೇ ಹೊಸ್ತಿಲು ದಾಟಿ ಕಂದು ನೀರು ಹರಿದು ಬಂದು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯತೊಡಗಿತು.

ಕಟ್ಟಡದ ಯಜಮಾನರು ಆ ಹೊತ್ತಿಗೆ ಬಕಾಲಾದಲ್ಲೇ ಕೂತಿದ್ದರು. ಸದ್ದು ಕೇಳಿ ಕೋಲೂರಿಕೊಂಡು ಹತ್ತಿ ಬಂದರು. ಹಿಂದೆ ಹಮೀದಾಕ. ಯಜಮಾನರು ನೆಲ ನೋಡಿದರು, ಮೂಗು ಸುಕ್ಕು ಮಾಡಿದರು, ಅರಬ್ಬಿಯಲ್ಲಿ ಏನೋ ಗಡುಸಾಗಿ ಕೇಳಿದರು. ಅಮ್ಮನಿಗೆ ಅರಬ್ಬಿ ಬರದು.

ಹಮೀದಾಕ ತೆರೆದ ಬಾಗಿಲಿನಿಂದ ಒಳಗೆ ಇಣುಕಿದರು. ಅಡುಗೆಮನೆಯ ಮುಂದೆ ತಾವು ಹೊತ್ತು ತಂದ ಡಬ್ಬ ಕಂಡಿತು. ನನ್ನ ಕಡೆ ತಿರುಗಿದರು. "ಮೋಳೇ, ಇದು ನಿನ್ನ ಮದ್ದು ಅಲ್ವಾ? ಸೆಕೆಗೆ ಹುಳಿ ಬಂದು ಒಡೆದದ್ದಾ?"

ಅಮ್ಮ ನನ್ನ ಭುಜ ಹಿಡಿದಿದ್ದರು. ನಾನು ತಲೆಯಾಡಿಸಿದೆ, ಹೌದು ಎಂದು.

ಹಮೀದಾಕ ಯಜಮಾನರ ಕಡೆ ತಿರುಗಿ ಎದೆಯ ಮೇಲೆ ಕೈಯಿಟ್ಟರು. ಅವರು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು 'ವಲ್ಲಾ' ಒಂದೇ, ದೇವರಾಣೆ. ಅದನ್ನು ಎರಡು ಸಲ ಹೇಳಿದರು. ಯಜಮಾನರ ಮುಖ ಸಡಿಲವಾಯಿತು. ನನ್ನ ತಲೆಯ ಮೇಲೆ ಕೈಯಿಟ್ಟು ಏನೋ ಹರಸಿ, ಕೋಲೂರುತ್ತಾ ಇಳಿದು ಹೋದರು.

ಹಮೀದಾಕ ಹೋಗಲಿಲ್ಲ. "ಗಾಜು ಉಂಟು, ಮಗುವಿನ ಕಾಲಿಗೆ ತಾಗ್ತದೆ, ನೀವು ನಿಲ್ಲಿ ಅಮ್ಮಾ," ಎಂದು ಪೊರಕೆ ತೆಗೆದುಕೊಂಡು ಸಾಮಾನು ಕೋಣೆಗೆ ಹೋದರು. ಒಡೆಯದೆ ಉಳಿದ ಬಾಟಲಿಗಳು ಅಲ್ಲಿ ಸಾಲಾಗಿದ್ದವು. ಪಕ್ಕದಲ್ಲಿ ಡ್ರಮ್ಮು, ಬಿರಡೆ ಒತ್ತುವ ಯಂತ್ರ. ಪೊರಕೆಯ ಸದ್ದು ನಿಂತಿತು. ಹಮೀದಾಕ ಹೊರಗೆ ಬಂದು, ಪೊರಕೆಯನ್ನು ಗೋಡೆಗೆ ಒರಗಿಸಿ, ಅಮ್ಮನನ್ನಾಗಲಿ ನನ್ನನ್ನಾಗಲಿ ನೋಡದೆ ಮೆಟ್ಟಿಲಿಳಿದರು. ಒದ್ದೆಯ ಮೇಲೆ ಕಾಲಿಡದಂತೆ ಗೋಡೆಯ ಅಂಚಿನಲ್ಲೇ ಇಳಿದರು.

ಮೂರು ಗಂಟೆಗೆ ಅಪ್ಪ ಬಂದರು. ಅಮ್ಮನ ಮಾತು ಕೇಳಿ ಬಟ್ಟೆಯನ್ನೂ ಬದಲಾಯಿಸದೆ, ನನ್ನ ಕೈ ಹಿಡಿದು ಕೆಳಗಿಳಿದರು. ಬಕಾಲಾದ ಶಟರ್ ಅರ್ಧ ಇಳಿದಿತ್ತು. ಉಪವಾಸದ ಮಧ್ಯಾಹ್ನ, ಹಮೀದಾಕ ಅಕ್ಕಿಮೂಟೆಯ ಮೇಲೆ ಕೂತಿದ್ದರು. ತುಟಿ ಒಣಗಿ ಬಿಳಚಿಕೊಂಡಿತ್ತು.

"ನನ್ನಿಂದ ತಪ್ಪಾಯ್ತು ಹಮೀದ್," ಎಂದರು ಅಪ್ಪ.

"ನೋಂಬು ಹಿಡಿದು ಆಣೆ ಹಾಕಿದೆ ಸಾರ್ ನಾನು," ಎಂದರು ಹಮೀದಾಕ. ದನಿ ಏರಿಸಲಿಲ್ಲ. "ಅದು ನನಗೂ ದೇವರಿಗೂ ಬಿಟ್ಟದ್ದು. ನೀವು ಒಂದು ಹೇಳಿ. ಊರಿಗೆ ಕಳಿಸಿದ ಡಬ್ಬ ಉಂಟಲ್ಲ, ನನ್ನ ಮಗಳು ಒಂದು ತಿಂಗಳಿಂದ ಅದನ್ನು ತಿಂತಾ ಇದ್ದಾಳೆ. ಅದು ಎಂತ?"

ಅಪ್ಪ ಬಿಡಿಸಿ ಹೇಳಿದರು. ಅದು ಬರೀ ಬಾರ್ಲಿಯ ಪಾಕ, ಯೀಸ್ಟ್ ಹಾಕಿ ಹುದುಗಿಸದೆ ಅದು ಹೆಂಡ ಆಗುವುದಿಲ್ಲ, ಮಗುವಿಗೆ ಏನೂ ಆಗದು, ಬೇಕಾದರೆ ಡಾಕ್ಟರನ್ನು ಕೇಳಿ ಎಂದರು. ಅಷ್ಟೂ ನಿಜವಾಗಿತ್ತು.

ಹಮೀದಾಕ ಪೂರ್ತಿ ಕೇಳಿಸಿಕೊಂಡರು. "ನಿನ್ನೆ ಹೇಳಿದ್ದರೆ ನಂಬ್ತಿದ್ದೆ ಸಾರ್," ಎಂದರು.

ಅವತ್ತೇ ಅವರು ಊರಿಗೆ ತಂತಿ ಕಳಿಸಿದರು, ಡಬ್ಬ ಬಿಸಾಡಿ ಎಂದು. ಅಪ್ಪ ಉಳಿದ ಬಾಟಲಿಗಳನ್ನೆಲ್ಲ ಬಚ್ಚಲಿಗೆ ಸುರಿದರು. ಇದೇ ಎಂದು ಕಣ್ಣು ಮುಚ್ಚಿದ್ದ ಬಿಟರ್ ಅದು, ಒಂದು ಲೋಟವನ್ನೂ ಇಟ್ಟುಕೊಳ್ಳಲಿಲ್ಲ. ಮತ್ತೆಂದೂ ಅದರ ಮಾತೆತ್ತಲಿಲ್ಲ.

ಹಮೀದಾಕ ಯಾರಿಗೂ ಏನೂ ಹೇಳಲಿಲ್ಲ. ಹೇಳಿದ್ದರೆ ನಾವು ವಾರದೊಳಗೆ ವಿಮಾನದಲ್ಲಿರುತ್ತಿದ್ದೆವು, ಅಪ್ಪ ಬಹುಶಃ ಜೈಲಿನಲ್ಲಿ. ಅಂಗಡಿಯಲ್ಲಿ ನಮಗೆ ಅಕ್ಕಿ, ಬೇಳೆ ಮೊದಲಿನ ಹಾಗೆಯೇ ಸಿಗುತ್ತಿತ್ತು. ಆದರೆ ಮುಂದಿನ ಸಲ ನಾನು ಹೋದಾಗ ಅವರು, "ನಿಮಗೆ ಎಂತ ಬೇಕು?" ಎಂದು ಕೇಳಿದರು. ಹತ್ತು ವರ್ಷದ ನನಗೆ ನಿಮಗೆ ಎಂದರು. ಮೋಳೇ ಎಂದು ಮತ್ತೆ ಕರೆಯಲಿಲ್ಲ. ಮಗಳು ಹೇಗಿದ್ದಾಳೆ ಎಂದು ಅಮ್ಮ ಕೇಳಿದರೆ, "ಹುಷಾರಿದ್ದಾಳೆ," ಅಷ್ಟೇ.

ಎರಡು ವರ್ಷವಾದ ಮೇಲೆ ನಾವು ರಿಗ್ಗೈ ಬಿಟ್ಟು ಬೇರೆ ಕಡೆಗೆ ಹೋದೆವು. ಹೊರಡುವ ದಿನ ನಾನು ಒಬ್ಬಳೇ ಬಕಾಲಾಕ್ಕೆ ಇಳಿದೆ. ಹೇಳಬೇಕಾದ ವಾಕ್ಯವನ್ನು ಮೆಟ್ಟಿಲ ಮೇಲೆ ನಿಂತು ಬಾಯಿಪಾಠ ಮಾಡಿಕೊಂಡಿದ್ದೆ. ಹಮೀದಾಕ ತಲೆಯೆತ್ತಿ ನೋಡಿ ಕಾದರು. ಅವರು ನಿಜವಾಗಿಯೂ ಕಾದರು ಎಂದು ಈಗ ಅನ್ನಿಸುತ್ತದೆ. ನಾನು ಒಂದು ಚಾಕಲೇಟ್ ಕೇಳಿದೆ. ಕೊಟ್ಟರು.

ಅಪ್ಪ ಈಗಿಲ್ಲ. ಹಮೀದಾಕ ಎಲ್ಲಿದ್ದಾರೋ, ಇದ್ದಾರೋ ಗೊತ್ತಿಲ್ಲ, ಹುಡುಕುವ ಪ್ರಯತ್ನವನ್ನೂ ನಾನು ಮಾಡಿಲ್ಲ. ಕೆಲಸದ ಮೇಲೆ ಮಂಗಳೂರಿಗೆ ಹೋಗುತ್ತಿರುತ್ತೇನೆ. ಅವರ ಊರಿನ ಹೆಸರು ಬಸ್ಸುಗಳ ಹಣೆಯ ಮೇಲೆ ಕಾಣುತ್ತದೆ. ಆಗ ನಾನು ಫೋನು ತೆಗೆದು ಏನಾದರೂ ಓದುತ್ತಾ ನಿಲ್ಲುತ್ತೇನೆ. ಅಪ್ಪನ ತಪ್ಪು ಅಪ್ಪನದು, ನೀನು ಮಗು ಎಂದು ಅಮ್ಮ ಅನೇಕ ಸಲ ಸಮಾಧಾನ ಹೇಳಿದ್ದಾರೆ. ಆದರೆ ಆ ಮನುಷ್ಯ ತನ್ನ ಮಗಳ ಬಾಯಿಗೆ ಏನು ಹಾಕಬೇಕು ಎನ್ನುವುದನ್ನು ನನ್ನ ಮಾತು ಕೇಳಿ ತೀರ್ಮಾನಿಸಿದ್ದರು. ಆಮೇಲಿನ ಇಷ್ಟು ವರ್ಷಗಳಲ್ಲಿ, ಮನೆಯವರೂ ಸೇರಿದಂತೆ, ಯಾರೂ ನನ್ನ ಮಾತನ್ನು ಅಷ್ಟು ನಂಬಿಲ್ಲ.