ಫೌಸ್ಟಿನ್ ಪೊರ್ಬುಗಳ ತೊಡೆಮೂಳೆ

ಶಿರ್ವದ ಫೌಸ್ಟಿನ್ ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರ್. ಬ್ರೇಕ್ ಎಂಬುದು ಹೆದರುವವರಿಗಾಗಿ ಮಾಡಿದ್ದು ಎಂಬುದು ಅವನ ಸಿದ್ಧಾಂತ. ಕಟಪಾಡಿಯಲ್ಲಿ ಅವನ ಹಾರ್ನ್ ಕೇಳಿದರೆ ಜನ, ದನ, ರಿಕ್ಷಾಗಳು ಒಟ್ಟಿಗೇ ಚರಂಡಿಗೆ ಇಳಿಯುತ್ತಿದ್ದವು. ಅದನ್ನು ಅವನು ಗೌರವವೆಂದೇ ತಿಳಿದಿದ್ದ.

ಇಂಥ ಶೂರ ೧೯೮೨ರ ಮಳೆಗಾಲದಲ್ಲಿ ತೊಡೆಮೂಳೆ ಮುರಿದುಕೊಂಡು ಮಣಿಪಾಲದ ಆಸ್ಪತ್ರೆ ಸೇರಿದ. ಕಾಲಿಗೆ ಭಾರ ಕಟ್ಟಿ ಮಲಗಿಸಿದರು. ಪಕ್ಕದ ಮಂಚದಲ್ಲಿ ಕಾಪುವಿನ ಮೀನು ವ್ಯಾಪಾರಿ ಹಾಜಬ್ಬ. ಅವನ ತೊಡೆಗೂ ಅದೇ ಗತಿ.

"ನಿಮಗೆ ಎಂತಾದ್ದು ಪೊರ್ಬುಗಳೇ?" ಎಂದು ಹಾಜಬ್ಬ, ಊರಲ್ಲಿ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವ ರೂಢಿಯಂತೆ, ಕೇಳಿದ.

"ಬ್ರೇಕ್ ಫೇಲ್ ಮಾರಾಯ. ಬಸ್ಸು ತುಂಬ ಜನ. ಮರಕ್ಕೆ ಗುದ್ದಿಸಿ ಎಲ್ಲರನ್ನೂ ಉಳಿಸಿದೆ. ನಿಮಗೆ?"

"ಸೈಕಲಲ್ಲಿ ಹೋಗುವಾಗ ಬಸ್ಸು ತಾಗಿತು. ನಿಲ್ಲಿಸಲೇ ಇಲ್ಲ."

"ಛೆ! ಈಗಿನ ಡ್ರೈವರುಗಳಿಗೆ ಮನುಷ್ಯತ್ವವೇ ಇಲ್ಲ" ಎಂದು ಫೌಸ್ಟಿನ್ ಮನಸಾರೆ ಬೈದ. ಹಾಜಬ್ಬ ಹೌದೆಂದು ತಲೆಯಾಡಿಸಿದ.

ದಿನ ಕಳೆದಂತೆ ಆ ಮರ ದಪ್ಪವಾಯಿತು, ಬಸ್ಸಿನಲ್ಲಿದ್ದ ಜನ ಹೆಚ್ಚಾದರು, ಅವರಲ್ಲೊಬ್ಬಳು ಗರ್ಭಿಣಿಯೂ ಸೇರಿಕೊಂಡಳು. ಅಷ್ಟರಲ್ಲಿ ಡಾಕ್ಟರ್ ಜೇಮ್ಸ್ ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದರು. ಹಾಜಬ್ಬನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ವಾಹನ ರಭಸದಿಂದ ಬಡಿದರೆ ಹೆಚ್ಚಾಗಿ ಮೂಳೆ ಹೀಗೆ ನಡುವಿನಲ್ಲೇ ಚೂರಾಗುತ್ತದೆ" ಎಂದರು. ಆಮೇಲೆ ಫೌಸ್ಟಿನನದ್ದನ್ನು ಎತ್ತಿದರು. "ಇದು ಸೊಂಟದ ಹತ್ತಿರ, ಮೂಳೆಯ ಕುತ್ತಿಗೆಯಲ್ಲಿ ಮುರಿದದ್ದು. ಹೆಚ್ಚಾಗಿ ಬಚ್ಚಲಲ್ಲಿ ಜಾರುವ ಅಜ್ಜಿಯಂದಿರಿಗೆ ಹೀಗಾಗುತ್ತದೆ."

"ಬಚ್ಚಲಲ್ಲೇ ಜಾರಿದ್ದು ಡಾಕ್ಟ್ರೇ" ಎಂದಳು ಗಂಜಿ ತಂದಿದ್ದ ಹೆಂಡತಿ ಬೆನೆಡಿಕ್ಟಾ. "ಪಾಚಿ ಉಜ್ಜಿ ಅಂತ ಹೇಳಿ ಹೇಳಿ ನನಗೆ ಸಾಕಾಗಿತ್ತು."

ಇಡೀ ವಾರ್ಡು ನಕ್ಕಿತು. ಮರ, ಬಸ್ಸು, ಗರ್ಭಿಣಿ ಎಲ್ಲವೂ ಒಂದೇ ಏಟಿಗೆ ಮಾಯವಾದವು. ನಗದವನು ಹಾಜಬ್ಬನೊಬ್ಬನೇ. ಎಲ್ಲರೂ ಹೋದ ಮೇಲೆ ಅವನು ಮೆಲ್ಲಗೆ ಹೇಳಿದ:

"ನನಗೆ ತಾಗಿದ್ದು ನಿಮ್ಮದೇ ಬಸ್ಸು. ಬಿದ್ದಲ್ಲಿಂದ ನಿಮ್ಮ ಮುಖ ನೋಡಿದ್ದೆ. ನೀವೂ ಕನ್ನಡಿಯಲ್ಲಿ ನನ್ನನ್ನು ನೋಡಿದಿರಿ, ಅಲ್ವಾ?"

ಬಿದ್ದವನನ್ನು ಫೌಸ್ಟಿನ್ ಕನ್ನಡಿಯಲ್ಲಿ ನೋಡಿದ್ದ. ಟೈಮು ತಪ್ಪುತ್ತದೆಂದು ಗೇರು ಬದಲಿಸಿದ್ದ.

"ಮತ್ತೆ ಇಷ್ಟು ದಿನ ಎಂತಕ್ಕೆ ಹೇಳಲಿಲ್ಲ?"

"ಎದ್ದು ಬಂದು ಎರಡು ಬಿಡುವ ಹಾಗೆ ಇರಲಿಲ್ಲವಲ್ಲ. ನನ್ನ ಕಾಲನ್ನೂ ಕಟ್ಟಿ ಹಾಕಿದ್ದಾರೆ."

ಆ ದಿನ ಫೌಸ್ಟಿನ್ ಗಂಜಿ ಮುಟ್ಟಲಿಲ್ಲ. ಮರುದಿನ ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿ, ಹಾಜಬ್ಬನಿಗೂ ಸ್ವಲ್ಪ ಮೀನುಸಾರು ತರಲು ಕೇಳಿಕೊಂಡ. ಬೆನೆಡಿಕ್ಟಾ ತಂದಳು. ಮೀನನ್ನೆಲ್ಲ ಹಾಜಬ್ಬನ ಬಟ್ಟಲಿಗೆ ಬಡಿಸಿದಳು. ಗಂಡನಿಗೆ ಗಂಜಿ, ಉಪ್ಪಿನಕಾಯಿ. ಅವನು ಬಿಡುಗಡೆಯಾಗುವವರೆಗೂ ಅದೇ ಏರ್ಪಾಡು ನಡೆಯಿತು.

ಮರುವರ್ಷ ಕುಂಟುತ್ತ ಕೆಲಸಕ್ಕೆ ಮರಳಿದಾಗ ಧಣಿ ಅವನಿಗೆ ಎಕ್ಸ್‌ಪ್ರೆಸ್ ಕೊಡಲಿಲ್ಲ. ಕಟಪಾಡಿಯಿಂದ ಶಿರ್ವದ ಮೇಲೆ ಕಾರ್ಕಳಕ್ಕೆ ಹೋಗುವ, ಕೈ ತೋರಿಸಿದಲ್ಲೆಲ್ಲ ನಿಲ್ಲುವ ಸರ್ವಿಸ್ ಬಸ್ಸು ಕೊಟ್ಟ. ಮುಂದೆ ಸೈಕಲ್ ಕಂಡರೆ ಫೌಸ್ಟಿನ್ ಅದರ ಹಿಂದೆಯೇ ಮೆರವಣಿಗೆಯಂತೆ ತೆವಳುತ್ತಿದ್ದ. ಪ್ರಯಾಣಿಕರಿಗೆ ಇವನ ಹೊಸ ಸಜ್ಜನಿಕೆ ಒಂದಿಷ್ಟೂ ಹಿಡಿಸಲಿಲ್ಲ.

"ಇದೆಂತ ಡ್ರೈವರ್ರೇ, ಎತ್ತಿನ ಗಾಡಿಯಾ?" ಎಂದು ಹಿಂದಿನಿಂದ ಕೂಗುತ್ತಿದ್ದರು.

"ಅರ್ಜೆಂಟ್ ಉಂಟಾದರೆ ಇಳಿದು ಓಡಿ" ಎನ್ನುತ್ತಿದ್ದ ಫೌಸ್ಟಿನ್.