ಅವರವರ ಬೆರಳಿನ ಅಳತೆ

ನಾಟಿ ಔಷಧಿ ಕೊಡುವ ಪಂಡಿತರು ಬೆರಳಲ್ಲಿ ಅಳೆದೇ ನಮ್ಮ ಮೊಮ್ಮಗಳ ಕಾಲು ಗುಣ ಮಾಡಿದರು ಎಂದು ವನಗೂರಿನ ಕಡೆ ಈಗಲೂ ಹೇಳುತ್ತಾರೆ. ಸುಳ್ಳು. ಕಾಲು ಸರಿ ಮಾಡಿದ್ದು ಹಾಸನದ ಮೂಳೆ ಡಾಕ್ಟರು, ಆಪರೇಷನ್ ಮಾಡಿ. ಪಂಡಿತರು ಒಂದು ಚಿಟಿಕೆ ಪುಡಿಯನ್ನೂ ಕೊಡಲಿಲ್ಲ. ಕೊಡದೆ ಇದ್ದದ್ದಕ್ಕೇ ನಾನು ಅವರನ್ನು ನೆನೆಯುವುದು.

ಅವರ ಬಲಗೈಯಲ್ಲಿ ಎರಡು ಬೆರಳು ಮೊಂಡು. ಹುಡುಗರಾಗಿದ್ದಾಗ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಸಿಕ್ಕಿದ್ದವಂತೆ. ಉಳಿದವು ಎಣ್ಣೆ, ಅರಿಶಿನ ಕುಡಿದು ಹಳೆಯ ಸೌಟಿನ ಹಿಡಿಯ ಬಣ್ಣಕ್ಕೆ ತಿರುಗಿದ್ದವು. ಬೆರಳೇ ಇಲ್ಲದವರು ಬೆರಳಿನ ಲೆಕ್ಕ ಹೇಗೆ ಹಾಕುತ್ತೀರಿ ಎಂದು ಯಾರಾದರೂ ಕೀಟಲೆ ಮಾಡಿದರೆ, "ನನ್ ಬೆರಳು ಯಾರಿಗ್ ಬೇಕು ಮಾರಾಯ, ನಿಂದು ತತ್ತಾ" ಎನ್ನುತ್ತಿದ್ದರು. ಅವರ ಅಂಗುಲ ಎಂದರೆ ದರ್ಜಿಯ ಟೇಪಿನ ಇಂಚಲ್ಲ. ಬಂದವರ ಬೆರಳಿನ ಅಗಲವೇ ಅಂಗುಲ. ಅದನ್ನು ಬಾಳೆನಾರಿನ ಮೇಲೆ ಮಸಿಯಲ್ಲಿ ಗುರುತು ಹಾಕಿಕೊಂಡು, ಆ ನಾರಿನಿಂದಲೇ ಅವರ ತಲೆ, ತೋಳು, ಕಾಲು ಅಳೆಯುತ್ತಿದ್ದರು. ಕೆಲಸ ಮುಗಿದ ಮೇಲೆ ನಾರು ಒಲೆಗೆ. ಒಬ್ಬರದ್ದು ಇನ್ನೊಬ್ಬರಿಗೆ ಹಿಡಿಯುವಂತಿಲ್ಲ. ಆಲೂರು ಕಡೆಯ ಅವರ ಜಗಲಿಯಲ್ಲಿ ಎಸ್ಟೇಟಿನ ಯಜಮಾನರಿಗೂ ಲೈನ್ ಮನೆಯ ಆಳಿಗೂ ಇದೇ ಶಾಸ್ತ್ರ. ಸಿಡುಕು ಮನುಷ್ಯ, ಆದರೆ ಯಾರನ್ನೂ ಅಳೆಯದೆ ಔಷಧಿ ಕೊಟ್ಟವರಲ್ಲ.

ನಮ್ಮ ಮಗು ಎರಡು ತುಂಬಿದ ಮೇಲೂ ಒಂದು ಕಡೆಗೆ ವಾಲಿಕೊಂಡೇ ನಡೆಯುತ್ತಿತ್ತು. ತಾಯಿಯ ಹಾಲು ಸಾಲಲಿಲ್ಲ, ಅದಕ್ಕೇ ಶಕ್ತಿಯಿಲ್ಲ ಎಂದು ನೆಂಟರು ಹೇಳಿ ಹೇಳಿ, ಸೊಸೆ ನಾಲ್ಕು ಜನರೆದುರು ಬಾಯಿ ಬಿಡುವುದನ್ನೇ ಬಿಟ್ಟಿದ್ದಳು. ಮಗನಿಗೆ ಶಕ್ತಿಯ ಲೇಹ್ಯ ಬೇಕಿತ್ತು. ಎಲ್ಲರೂ ಪಂಡಿತರಲ್ಲಿಗೆ ಹೋದೆವು.

ಮಗು ಆ ಮೊಂಡು ಬೆರಳು ನೋಡಿ ಕಿರುಚಿ ಮುಷ್ಟಿ ಬಿಗಿಹಿಡಿಯಿತು. ಮಗ ತನ್ನ ಕೈಯನ್ನೇ ಚಾಚಿದ. ಅಪ್ಪ ಮಗಳದು ಒಂದೇ ರಕ್ತ, ನನ್ನ ಬೆರಳೇ ಹಿಡಿಯಿರಿ ಎಂದ.

"ನಿನ್ ಬೆರಳಲ್ಲಿ ಅಳೆದ್ರೆ ನಿನ್ ಮಗಳು ಬೆಕ್ಕಿನ ಮರಿ ಆಯ್ತಾಳೆ ಕಣೋ. ಸುಮ್ನೆ ಕೂತ್ಕ."

ಒಂದು ತಟ್ಟೆ ರಾಗಿಹಿಟ್ಟು ತರಿಸಿ ಮಗುವಿನ ಮುಂದಿಟ್ಟು, ತಾವು ನನ್ನ ಜೊತೆ ಮೆಣಸಿನ ಬಳ್ಳಿಯ ಮಾತಿಗೆ ಕೂತರು. ಮಗು ಅಳು ನಿಲ್ಲಿಸಿ ಹಿಟ್ಟಿನಲ್ಲಿ ಕೈಯೊತ್ತಿ ಆಡತೊಡಗಿತು. ಆ ಬೆರಳಚ್ಚಿನಿಂದಲೇ ನಾರಿಗೆ ಅಳತೆ ತೆಗೆದರು.

ತಲೆ, ಎದೆ, ತೋಳು ಎಲ್ಲವೂ ಅವಳ ಬೆರಳಿಗೆ ಸರಿಯಾಗಿ ಬಂದವು. ಹಾಲು ಸಾಲದ ಮೈಯಲ್ಲ ಇದು ಎಂದು ಸೊಸೆಯ ಮುಖ ನೋಡಿಯೇ ಹೇಳಿದರು. ಆಮೇಲೆ ಕಾಲು. ಮೊಣಕಾಲಿನಿಂದ ಕೆಳಗೆ ಎರಡೂ ಸಮ. ಸೊಂಟದಿಂದ ಹಿಡಿದರೆ ಎಡಗಾಲು ಅವಳದೇ ಒಂದು ಬೆರಳು ಗಿಡ್ಡ. ಮತ್ತೆ ಅಳೆದರು. ನಾರನ್ನು ಮಡಿಚಿ ಕೈಯಲ್ಲೇ ಇಟ್ಟುಕೊಂಡರು.

"ಮೂಳೆ ಸರಿಯಾಗೈತೆ ಕಣಮ್ಮ. ಸೊಂಟದಲ್ಲಿ ಅದು ಕೂತಿರೋ ಜಾಗ ಸರಿಯಿಲ್ಲ. ನನ್ ಎಣ್ಣೆಗೆ ಬಗ್ಗೋದಲ್ಲ ಇದು. ಹಾಸನಕ್ಕೆ ಕರ್ಕಂಡ್ ಹೋಗಿ. ತಡ ಮಾಡಿದ್ರೆ ಕುಂಟು ಉಳ್ಕಂಬುಡ್ತದೆ."

ಕೂಸಿನ ಮೈಗೆ ಕತ್ತಿ ಹಾಕಿಸುವುದಿಲ್ಲ ಎಂದ ಮಗ. ಲೇಹ್ಯವನ್ನಾದರೂ ಕೊಡಿ ಎಂದು ಪಟ್ಟು ಹಿಡಿದ.

"ಕೊಟ್ರೆ ಅದನ್ನೇ ನಂಬ್ಕಂಡು ಮನೇಲಿ ಕೂತ್ಕಂಬುಡ್ತೀಯ" ಎಂದು ಪಂಡಿತರು ಎದ್ದು ಒಳಗೆ ಹೋದರು.

ತಮ್ಮ ಕೈಲಾಗದ್ದನ್ನು ಆಗದು ಎಂದು ಬಾಯಿಬಿಟ್ಟು ಹೇಳುವವರನ್ನು ನಾನು ಹೆಚ್ಚು ಕಂಡಿಲ್ಲ. ಹೋದ ವರ್ಷ ಪಂಡಿತರು ತೀರಿಕೊಂಡರು. ಕೊನೆಯ ಸಲ ಮುಖ ನೋಡಲು ಹೋದಾಗ, ಬಸ್ಸಿಳಿದು ಅವರ ಮನೆಯವರೆಗೆ ಮೊಮ್ಮಗಳು ನನಗಿಂತ ಮುಂದೆ ನಡೆದಳು. ಆ ಋಣ ನಾನು ಸಾಯುವವರೆಗೂ ಇರುತ್ತದೆ.

ಅಳತೆ ಮಾಡಿಸಿದ ದಿನ ಮಗ ಮನೆ ಮುಟ್ಟುವವರೆಗೂ ಅವರನ್ನು ಬೈದ.  ಮಾರನೆಯ ಬೆಳಿಗ್ಗೆ ಅವನು ಏಳುವ ಮೊದಲೇ ಮಗುವಿಗೆ ಸ್ವೆಟರ್ ಹಾಕಿ ಎತ್ತಿಕೊಂಡು ಹೋಗಿ, ಹಾಸನದ ಬಸ್ಸು ಹಿಡಿಯಲು ಸಕಲೇಶಪುರಕ್ಕೆ ಹೊರಟಿದ್ದ ಮೊದಲ ಜೀಪು ಹತ್ತಿದೆ. ಸೊಸೆ ಬರಿಗಾಲಲ್ಲೇ ಓಡಿಬಂದು ಪಕ್ಕದಲ್ಲಿ ಕೂತಳು. ಹೊರಡು ಎಂದು ಡ್ರೈವರಿಗೆ ಹೇಳಿದೆ.