ಒಂದೇ ಡಬ್ಬಿಯ ನಿಂಬೆ

ಮೊನ್ನೆ ಅಡುಗೆಮನೆಯ ಬುಟ್ಟಿಯಲ್ಲಿ ಒಂದು ನಿಂಬೆಹಣ್ಣು ಕೊಳೆತಿತ್ತು. ಸೊಸೆ ಮೂಗು ಮುಚ್ಚಿಕೊಂಡು ಎಸೆದಳು. ನನಗೆ ಮಾತ್ರ ಆ ವಾಸನೆಗೆ ಸಿಂದಗಿಯ ಅವ್ವ ನೆನಪಾದರು...

ಎಪ್ಪತ್ತರ ದಶಕದ ಮಾತು. ನಾನು ಇಂಡಿ ಊರಿನ ನಿಂಬೆ ಬೆಳೆಗಾರರ ಸಂಘದಲ್ಲಿ ಗುಮಾಸ್ತ. ಅವರು ಸಿಂದಗಿ ಸಂಘದಲ್ಲಿ ಹಣ್ಣು ತುಂಬುವ ಹೆಣ್ಣುಮಕ್ಕಳಿಗೆಲ್ಲ ಹಿರಿಯರು, ಎಲ್ಲರ ಬಾಯಲ್ಲೂ ಅವ್ವ. ಎರಡೂ ಸಂಘದ ಹಣ್ಣು ರೈಲಿನ ಒಂದೇ ಡಬ್ಬಿಯಲ್ಲಿ ಮುಂಬಯಿಗೆ ಹೋಗುತ್ತಿತ್ತು. ಎರಡು ಸಲ ಎರಡೂ ಕಡೆಯ ಮಾಲು ಅರ್ಧ ಕೊಳೆತೇ ಮುಟ್ಟಿತು. ಇನ್ನೊಮ್ಮೆ ಹೀಗಾದರೆ ನಿಮ್ಮ ಕಡೆಯ ಹಣ್ಣೇ ಬೇಡ ಎಂದು ಅಲ್ಲಿಯ ವ್ಯಾಪಾರಿ ಬರೆದ. ಸಂಘ ಮುಚ್ಚಿದರೆ ನನ್ನ ನೌಕರಿಯೂ ಹೋದಂತೆ. ಆದರೂ ನಮ್ಮ ಚೇರ್ಮನ್ನರದು ಒಂದೇ ಹಟ: ಹಣ್ಣು ಜಜ್ಜದಂತೆ ಚೀಲದೊಳಗೆ ರವದಿ, ಅಂದರೆ ಜೋಳದ ಒಣ ಗರಿ, ಹಾಸುವ ನಮ್ಮ ಉಪಾಯ ಸಿಂದಗಿಯವರಿಗೆ ತಿಳಿಯಕೂಡದು. ಎದುರಿನವರಿಗೆ ಅಪಶಕುನವಾಗಲೆಂದು ಮೂಗು ಕೊಯ್ದುಕೊಂಡರಂತೆ, ಆ ಜಾತಿಯ ಬುದ್ಧಿ. ನನ್ನದೂ ಅಷ್ಟೇ ಇತ್ತೆನ್ನಿ.

ಚೇರ್ಮನ್ನರು ಊರಲ್ಲಿಲ್ಲದ ಒಂದು ದಿನ ಅವ್ವ ಬಿದಿರ ಬುಟ್ಟಿ ಹಿಡಿದು ನಮ್ಮ ಅಂಗಳಕ್ಕೇ ಬಂದು ಕೂತರು.

“ನಾವು ಚೀಲ ಬಿಟ್ಟು ಬುಟ್ಟಿ ಹಿಡದೇವಪಾ. ಗಾಳಿ ಆಡ್ತೈತಿ, ಆದ್ರ ತಳದ ಹಣ್ಣ ಜಜ್ಜತಾವು. ನಿಮ್ಮದೇನೈತಿ, ತೋರಸು.”

“ಚೇರ್ಮನ್ನರು ಬೈತಾರಬೇ,” ಎಂದೆ.

“ಡಬ್ಬಿ ಒಂದ ಐತಲ್ಲೋ ತಮ್ಮಾ. ನಮ್ಮದು ಕೊಳತ್ರ ನಿಮ್ಮದು ಉಳೀತೈತೇನು?”

ಹೆದರುತ್ತಲೇ ರವದಿ ತೋರಿಸಿದೆ. ಅವರು ಬುಟ್ಟಿಯೊಳಗೆ ಸುತ್ತ ಹಾಸಿ, ಹಣ್ಣು ತುಂಬಿ, ಅಲುಗಾಡಿಸಿ ನೋಡಿ ತಲೆದೂಗಿದರು. ಆ ವಾರ ಸಿಂದಗಿಯಿಂದ ಬುಟ್ಟಿ ಬಂದವು, ನಮ್ಮಿಂದ ರವದಿ ಹೋಯಿತು. ಚೇರ್ಮನ್ನರು ಬಂದು ಕೂಗಾಡುವಷ್ಟರಲ್ಲಿ ಡಬ್ಬಿ ಹೊರಟಾಗಿತ್ತು.

ಕೆಲವು ದಿನಕ್ಕೆ ಮುಂಬಯಿಯಿಂದ ತಂತಿ ಬಂತು: ಮಾಲು ಚೆನ್ನಾಗಿದೆ, ಇನ್ನಷ್ಟು ಕಳಿಸಿ. ಎಂಥ ನಿರಾಳವೆಂದರೆ, ಕೂತಲ್ಲೇ ಅತ್ತುಬಿಟ್ಟೆ. ಚೇರ್ಮನ್ನರು ಉಪಾಯವೆಲ್ಲ ತಮ್ಮದೇ ಎಂದು ಮೀಸೆ ತಿರುವಿದರು. ಮುಂದೆ ಮುದ್ದೇಬಿಹಾಳ, ಬಾಗೇವಾಡಿಯ ಸಂಘದವರು ಕೇಳಿಕೊಂಡು ಬಂದಾಗ ಕಲಿಸಿದ್ದು ಮಾತ್ರ ಅವ್ವ. ಯಾರಿಗೂ ಇಲ್ಲವೆನ್ನಲಿಲ್ಲ.

ಅವರು ತೀರಿಹೋಗಿ ಬಹಳ ವರ್ಷವಾಯಿತು. ಒಂದು ಮಾತು ಹೇಳದೆಯೇ ಉಳಿದಿತ್ತು... ಕೊಳೆತದ್ದು ಸಿಂದಗಿಯ ಹಣ್ಣು ಮಾತ್ರ, ಅವರನ್ನು ಕೈಬಿಟ್ಟು ನಮ್ಮದನ್ನೇ ಕೊಳ್ಳಿ ಎಂದು ಆಗ ವ್ಯಾಪಾರಿಗೆ ಸುಳ್ಳು ಕಾಗದ ಬರೆದಿದ್ದವನು ನಾನು. ನಿನ್ನೆ ಸಿಂದಗಿಗೆ ಹೋಗಿ ಅವರ ಮಗಳ ಮುಂದೆ ಒಪ್ಪಿಕೊಂಡೆ.

ಆಕೆ ನಕ್ಕರು. “ಅವ್ವಗ ಗೊತ್ತಿತ್ರಿ. ಆ ಕಾಗದ ಮುಂಬಯಿ ಶೇಟ್ ನಮಗ ಕಳಿಸಿದ್ದ. ಓದಿಸಿ ಕೇಳಿದ ಮರುದಿನಾನ ಇಂಡಿ ಬಸ್ ಹತ್ತಿದ್ಳು.”

ಇಷ್ಟು ವರ್ಷ ಹೊತ್ತದ್ದು ಇಳಿಯಿತು. ತಪ್ಪಾಯಿತು ಎನ್ನಲು ಮಾತ್ರ ಅವ್ವ ಇಲ್ಲ.